ನೋಡುವುದು ಮೊದಲು, ಕೊಳ್ಳುವುದು ಆಮೇಲೆ: ಹೊಸ ನಗರದಲ್ಲಿ ಒಂದು ದಿನ

ಬೆಳಿಗ್ಗೆ ಹತ್ತೂವರೆಗೆ ಕೊಂಡ ಪಿಂಗಾಣಿ ಹೂಜಿಯನ್ನು ಸಂಜೆ ಏಳರವರೆಗೆ ಹೊತ್ತು ತಿರುಗಿದ ದಿನವೊಂದು ನನ್ನ ನೆನಪಿನಲ್ಲಿ ಅಚ್ಚೊತ್ತಿದೆ. ಮೊದಲ ಅಂಗಡಿಯಲ್ಲೇ ಅದು ಕಣ್ಣಿಗೆ ಬಿತ್ತು, ನಾನೂ ಅತ್ತಿಗೆಯೂ ಹಿಂದೆಮುಂದೆ ನೋಡದೆ ಕೊಂಡೆವು. ಅಲ್ಲಿಂದ ಮುಂದೆ ಇಡೀ ದಿನ ಆ ಹೂಜಿಯ ಪಾಲಾಯಿತು. ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಕಾವಲಿನವರು ಅದನ್ನು ಒಳಗೆ ಬಿಡಲಿಲ್ಲ, ಚೀಲ ಇಡುವ ಕೊಠಡಿಯಲ್ಲಿ ಜಾಗವಿರಲಿಲ್ಲ. ಅತ್ತಿಗೆ ಒಳಗೆ ಹೋದಾಗ ನಾನು ಹೊರಗೆ, ನಾನು ಒಳಗೆ ಹೋದಾಗ ಅವರು ಹೊರಗೆ. ಗೋಪುರ ಹತ್ತುವ ಆಸೆಯನ್ನು ಮೊದಲ ಮೆಟ್ಟಿಲಿನ ಬಳಿಯೇ ಬಿಟ್ಟೆವು. ಹೂಜಿ ಇಂದಿಗೂ ನಮ್ಮ ಮನೆಯ ಕಿಟಕಿಯ ಮೇಲಿದೆ, ಚೆಂದವೂ ಇದೆ. ಆದರೆ ಆ ನಗರ ನನಗೆ ಅರ್ಧವೇ ನೆನಪಿದೆ.

ಆಮೇಲಿನ ಪ್ರವಾಸಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಒಂದು ದಿನದ ತಿರುಗಾಟವನ್ನು ನಡೆಸುವುದು ನಮ್ಮ ಕಾಲು, ಆ ಹೊತ್ತಿನ ಬೆಳಕು ಮತ್ತು ಕೈಯಲ್ಲಿರುವ ಹೊರೆ. ಈ ಮೂರನ್ನೂ ಅನುಸರಿಸಿ ಕೆಲಸಗಳನ್ನು ಹಿಂದೆಮುಂದೆ ಮಾಡಿಕೊಂಡರೆ ಅದೇ ಹನ್ನೆರಡು ಗಂಟೆಗಳಲ್ಲಿ ನೋಡುವುದೂ ಆಗುತ್ತದೆ, ಕೊಳ್ಳುವುದೂ ಆಗುತ್ತದೆ. ನಾನು ಪಾಲಿಸುವ ಕ್ರಮವನ್ನು ಹಿಂದಿನ ರಾತ್ರಿಯಿಂದ ಆರಂಭಿಸಿ ಹೇಳುತ್ತೇನೆ.

ಹಂತ 1: ಹಿಂದಿನ ರಾತ್ರಿಯ ಅರ್ಧ ಗಂಟೆ

ಮೊದಲು ನೋಡಬೇಕಾದದ್ದು ರಜಾದಿನ. ನಿಮ್ಮ ರಜೆಯಲ್ಲ, ನೀವು ನೋಡಹೊರಟ ಜಾಗದ ರಜೆ. ಪ್ಯಾರಿಸ್‌ನ ಲೂವ್ರ್ ಮಂಗಳವಾರ ಬಾಗಿಲು ಹಾಕಿದರೆ, ನದಿಯಾಚೆಗಿನ ಓರ್ಸೆ ಸಂಗ್ರಹಾಲಯ ಸೋಮವಾರ ಮುಚ್ಚಿರುತ್ತದೆ. ತಾಜ್ ಮಹಲ್‌ಗೆ ಶುಕ್ರವಾರ ಪ್ರವಾಸಿಗರನ್ನು ಬಿಡುವುದಿಲ್ಲ. ಇಸ್ತಾಂಬುಲ್‌ನ ಗ್ರ್ಯಾಂಡ್ ಬಜಾರ್ ಎಂಬ, ಛಾವಣಿಯಡಿಯ ಹಳೆಯ ಪೇಟೆಗೆ ಭಾನುವಾರ ರಜೆ. ಅಂದರೆ ವಾರದ ಯಾವ ದಿನವೂ ಎಲ್ಲ ಕಡೆಗೂ ಸುರಕ್ಷಿತವಲ್ಲ. ಆಯಾ ಜಾಗದ ಅಧಿಕೃತ ಜಾಲತಾಣವನ್ನೇ ನೋಡಿ. ನಕ್ಷೆಯ ಆ್ಯಪ್‌ಗಳು ತೋರಿಸುವ ವೇಳೆ ಹಬ್ಬಹರಿದಿನಗಳಲ್ಲಿ ಎಷ್ಟೋ ಸಲ ತಪ್ಪಿರುತ್ತದೆ. ಜೊತೆಗೆ, ಮುಚ್ಚುವ ವೇಳೆ ಬೇರೆ, ಕೊನೆಯ ಪ್ರವೇಶದ ವೇಳೆ ಬೇರೆ. ಐದಕ್ಕೆ ಮುಚ್ಚುವ ಜಾಗದಲ್ಲಿ ನಾಲ್ಕಕ್ಕೋ ನಾಲ್ಕೂವರೆಗೋ ಟಿಕೆಟ್ ಕೊಡುವುದನ್ನು ನಿಲ್ಲಿಸಿರಬಹುದು.

ಆಮೇಲೆ ಆಯ್ಕೆ. ಒಂದು ದಿನಕ್ಕೆ ಎರಡು ದೊಡ್ಡ ನೋಟಗಳು, ಒಂದು ಪೇಟೆ. ಇದಕ್ಕಿಂತ ಹೆಚ್ಚು ಬೇಡ ಎಂದು ನಾನು ಪಟ್ಟಾಗಿ ಹೇಳುತ್ತೇನೆ. ಬರಿಯ ನಡಿಗೆಯಲ್ಲಿ ನಾವು ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗುತ್ತೇವೆ, ನಿಜ. ಆದರೆ ಹೊಸ ಊರಿನಲ್ಲಿ ದಾರಿ ಹುಡುಕುತ್ತ, ಗೋಡೆ ಗೋಪುರ ನೋಡುತ್ತ, ರಸ್ತೆ ದಾಟಲು ಕಾಯುತ್ತ ನಡೆದರೆ ಅದರರ್ಧ ಸಾಗಿದರೂ ಹೆಚ್ಚು. ಆಯ್ದ ಮೂರು ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ ನೋಡಿ. ಎರಡು ಒಂದೇ ಮಗ್ಗುಲಿನಲ್ಲಿದ್ದು ಮೂರನೆಯದು ಊರಿನ ಇನ್ನೊಂದು ತುದಿಯಲ್ಲಿದ್ದರೆ, ಆ ಮೂರನೆಯದನ್ನು ಇನ್ನೊಂದು ದಿನಕ್ಕೆ ಬಿಡಿ. ಅದರ ಬದಲು ಹತ್ತಿರದಲ್ಲೇ ಸಿಗುವ ಚಿಕ್ಕ ಉದ್ಯಾನವೋ ನದೀದಂಡೆಯೋ ಸಾಕು.

ಕೊಳ್ಳುವ ಪಟ್ಟಿಯನ್ನೂ ಈ ರಾತ್ರಿಯೇ ಬರೆಯಿರಿ. ಯಾರಿಗೆ, ಏನು, ಯಾವ ಅಳತೆ. ಅಳತೆಯ ವಿಷಯದಲ್ಲಿ ನನ್ನದೊಂದು ಪುಟ್ಟ ಉಪಾಯವಿದೆ. ಮನೆ ಬಿಡುವ ಮೊದಲೇ ಪಾದರಕ್ಷೆ ತರಬೇಕಾದವರ ಪಾದವನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲಿನಿಂದ ಗೆರೆ ಎಳೆದು, ಕತ್ತರಿಸಿ, ಮಡಚದೆ ಪುಸ್ತಕದೊಳಗೆ ಇಟ್ಟುಕೊಳ್ಳುತ್ತೇನೆ. ಒಂದೊಂದು ದೇಶದಲ್ಲಿ ಒಂದೊಂದು ಸಂಖ್ಯೆಯ ಪದ್ಧತಿ ಇರುವುದರಿಂದ ಅಂಗಡಿಯಲ್ಲಿ ಆ ಕಾಗದದ ಪಾದವೇ ನಂಬಿಕೆಯದು. ನಿಮ್ಮ ಗೇಣು ಎಷ್ಟು ಸೆಂಟಿಮೀಟರ್ ಎಂದು ಒಮ್ಮೆ ಅಳೆದು ನೆನಪಿಟ್ಟುಕೊಳ್ಳಿ. ನನ್ನದು 19. ಮೇಜಿನ ಹಾಸೋ ಕಿಟಕಿಯ ಪರದೆಯೋ ಕೊಳ್ಳುವಾಗ ಕೈಯೇ ಅಳತೆಪಟ್ಟಿಯಾಗುತ್ತದೆ.

ಇನ್ನುಳಿದದ್ದು ಚುಟುಕಾಗಿ: ಹಣ ಮತ್ತು ಕಾರ್ಡುಗಳನ್ನು ಎರಡು ಕಡೆ ಹಂಚಿಡಿ, ನಕ್ಷೆಯನ್ನು ಇಂಟರ್ನೆಟ್ ಇಲ್ಲದೆಯೂ ತೆರೆಯುವಂತೆ ಮೊಬೈಲಿಗೆ ಇಳಿಸಿಕೊಳ್ಳಿ, ತಂಗಿರುವ ಜಾಗದ ವಿಳಾಸವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಬಸ್ಸು, ಮೆಟ್ರೊಗಳ ದಿನದ ಪಾಸ್ ಕೊಳ್ಳುವುದಾದರೆ ಒಂದು ಮಾತು ಕೇಳಿಕೊಳ್ಳಿ. ಕೆಲವು ಪಾಸ್‌ಗಳು ಮೊದಲ ಬಳಕೆಯಿಂದ 24 ಗಂಟೆ ನಡೆಯುತ್ತವೆ, ಕೆಲವು ಆ ದಿನ ಮುಗಿದೊಡನೆ ಸಾಯುತ್ತವೆ. ಎರಡನೆಯ ಬಗೆಯದನ್ನು ಸಂಜೆ ಕೊಂಡರೆ ಹಣ ನೀರುಪಾಲು.

ಹಂತ 2: ಬೆಳಗಿನ ಹೊತ್ತು ನೋಡುವುದಕ್ಕೇ ಮೀಸಲು

ಹೆಚ್ಚು ಜನ ಸೇರುವ ಜಾಗಕ್ಕೆ ಎಲ್ಲಕ್ಕಿಂತ ಮೊದಲು ಹೋಗಿ. ಕದ ತೆರೆಯುವುದಕ್ಕೆ ಹದಿನೈದು ನಿಮಿಷ ಮೊದಲು ಅಲ್ಲಿದ್ದರೆ ಸಿಗುವ ಮೊದಲ ಒಂದು ಗಂಟೆ ಆಮೇಲಿನ ಮೂರು ಗಂಟೆಗೆ ಸಮ. ಪ್ರವಾಸಿ ಬಸ್ಸುಗಳು ಇನ್ನೂ ಬಂದಿರುವುದಿಲ್ಲ, ನಿಮ್ಮ ಕಣ್ಣೂ ಕಾಲೂ ದಣಿದಿರುವುದಿಲ್ಲ. ಕೈಯಲ್ಲಿ ನೀರಿನ ಬಾಟಲಿ ಬಿಟ್ಟರೆ ಬೇರೇನೂ ಇರಬಾರದು.

ಆದರೆ ಹೊರಗಿನಿಂದ ನೋಡುವ ಕಟ್ಟಡಗಳಿಗೆ ಇನ್ನೊಂದು ಲೆಕ್ಕವೂ ಇದೆ: ಅದು ಯಾವ ದಿಕ್ಕಿಗೆ ಮುಖ ಮಾಡಿದೆ? ಪೂರ್ವಾಭಿಮುಖವಾದ ಕಟ್ಟಡದ ಮೇಲೆ ಬೆಳಗಿನ ಬಿಸಿಲು ನೇರವಾಗಿ ಬೀಳುತ್ತದೆ. ಸಂಜೆ ಹೋದರೆ ಅದರ ಕೆತ್ತನೆಯೆಲ್ಲ ತನ್ನದೇ ನೆರಳಿನಲ್ಲಿ ಮುಳುಗಿರುತ್ತದೆ. ಯುರೋಪಿನ ಹಳೆಯ ದೊಡ್ಡ ಚರ್ಚುಗಳಲ್ಲಿ ಬಹಳಷ್ಟರ ಮುಂಬಾಗಿಲು ಪಶ್ಚಿಮಕ್ಕಿದೆ. ಪ್ಯಾರಿಸ್‌ನ ನೋತ್ರ್ ದಾಮ್ ಹಾಗೆಯೇ. ಅದರ ಎದುರು ಮೈ ಬೆಳಗುವುದು ಹೊತ್ತು ಇಳಿಯುವಾಗ. ಕಾಂಬೋಡಿಯಾದ ಅಂಕೋರ್ ವಾಟ್ ದೇಗುಲ ಕೂಡ ಪಶ್ಚಿಮಾಭಿಮುಖಿ. ಆದ್ದರಿಂದಲೇ ಅಲ್ಲಿ ಸೂರ್ಯೋದಯಕ್ಕೆ ಸೇರುವವರಿಗೆ ಕಾಣುವುದು ಕೆಂಪು ಆಕಾಶದ ಎದುರು ನಿಂತ ಕಪ್ಪು ಗೋಪುರಗಳು. ಕೆತ್ತನೆ ಕಾಣಬೇಕೆಂದರೆ ಮಧ್ಯಾಹ್ನ ತಿರುಗಿದ ಮೇಲೆ ಹೋಗಬೇಕು. ಮೊಬೈಲಿನ ನಕ್ಷೆಯಲ್ಲಿ ಕಟ್ಟಡದ ದಿಕ್ಕು ನೋಡಲು ಅರೆ ನಿಮಿಷ ಸಾಕು. ಈ ಅರೆ ನಿಮಿಷದಷ್ಟು ಫಲ ಕೊಡುವ ಸಿದ್ಧತೆ ಬೇರೊಂದಿಲ್ಲ ಎಂಬುದು ನನ್ನ ಅನುಭವ.

ಹಂತ 3: ಸಂಗ್ರಹಾಲಯದಲ್ಲಿ ಕಾಲು ಸೋಲುವ ಮೊದಲೇ ಹೊರಗೆ ಬನ್ನಿ

ಹತ್ತು ಕಿಲೋಮೀಟರ್ ನಡೆದರೂ ದಣಿಯದವರು ವಸ್ತುಸಂಗ್ರಹಾಲಯದಲ್ಲಿ ಎರಡು ಗಂಟೆಗೇ ಕುಸಿಯುತ್ತಾರೆ. ಇದು ಮನಸ್ಸಿನ ಸೋಮಾರಿತನವಲ್ಲ. ಬಾಸ್ಟನ್ ಕಲಾ ಸಂಗ್ರಹಾಲಯದಲ್ಲಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ಈ ದಣಿವಿನ ಬಗ್ಗೆ ಬರೆದರು. ಗಾಜಿನ ಪೆಟ್ಟಿಗೆಗಳೊಳಗಿನ ವಸ್ತುಗಳನ್ನು ನೋಡಲು, ಚೀಟಿಗಳನ್ನು ಓದಲು ಒಬ್ಬ ವ್ಯಕ್ತಿ ಹೇಗೆಲ್ಲ ಬಾಗಬೇಕು, ಕುಕ್ಕರಗಾಲಲ್ಲಿ ಕೂರಬೇಕು, ಕತ್ತು ಚಾಚಬೇಕು ಎಂಬುದನ್ನು ಛಾಯಾಚಿತ್ರಗಳಲ್ಲಿ ಸೆರೆಹಿಡಿದು ತೋರಿಸಿದರು. ಎರಡು ಹೆಜ್ಜೆ ನಡೆದು ನಿಲ್ಲುವುದು, ಮತ್ತೆ ಎರಡು ಹೆಜ್ಜೆ, ಮತ್ತೆ ನಿಲ್ಲುವುದು ಸೊಂಟಕ್ಕೆ ಮಾಡುವ ಹಿಂಸೆಯನ್ನು ಸತತ ನಡಿಗೆ ಮಾಡುವುದಿಲ್ಲ.

ಆದ್ದರಿಂದ ದೊಡ್ಡ ಸಂಗ್ರಹಾಲಯಕ್ಕೆ ಒಂದೂವರೆ ಗಂಟೆ ಕೊಡಿ. ಒಳಗೆ ಹೋದೊಡನೆ ನಕ್ಷೆ ತೆಗೆದು ಎರಡು ಅಥವಾ ಮೂರು ವಿಭಾಗಗಳನ್ನು ಗುರುತು ಮಾಡಿ, ನೆಟ್ಟಗೆ ಅಲ್ಲಿಗೆ ನಡೆಯಿರಿ. ಮಧ್ಯದ ಕೋಣೆಗಳಲ್ಲಿ ನಿಲ್ಲಬೇಡಿ, ಮನಸ್ಸು ಎಷ್ಟು ಎಳೆದರೂ. ಬೆಂಚು ಕಂಡಲ್ಲಿ ಕೂರಿ. ಬೆಂಚಿನ ಎದುರಿಗಿರುವ ಒಂದೇ ಚಿತ್ರವನ್ನು ಹತ್ತು ನಿಮಿಷ ನೋಡಿದರೆ ಅದು ಊರಿಗೆ ಮರಳಿದ ಮೇಲೂ ಜೊತೆಗಿರುತ್ತದೆ. ಸಂಗ್ರಹಾಲಯದ ಮಾರಾಟ ಮಳಿಗೆಯನ್ನು ಮಾತ್ರ ಬಿಡಬೇಡಿ. ಚಿತ್ರದ ಮುದ್ರಣ, ಅಂಚೆ ಕಾರ್ಡುಗಳಂತಹ ತೂಕವಿಲ್ಲದ, ಒಡೆಯದ ಉಡುಗೊರೆಗಳು ಸಿಗುವ ಜಾಗ ಅದು. ದಿನದ ಈ ಹೊತ್ತಿನಲ್ಲಿ ಕೊಳ್ಳಬಹುದಾದದ್ದು ಇಷ್ಟೇ.

ಹಂತ 4: ನಡು ಮಧ್ಯಾಹ್ನ ಕೂರಿ

ಹನ್ನೆರಡರಿಂದ ಎರಡರವರೆಗೆ ಬಿಸಿಲು ನೆತ್ತಿಯ ಮೇಲಿರುತ್ತದೆ, ಕಟ್ಟಡಗಳು ಚಪ್ಪಟೆಯಾಗಿ ಕಾಣುತ್ತವೆ, ಫೋಟೊದಲ್ಲಿ ಎಲ್ಲರ ಕಣ್ಣಿನ ಕೆಳಗೂ ನೆರಳು. ನೋಡಲು ಒಳ್ಳೆಯದಲ್ಲದ ಈ ಹೊತ್ತು ಕೂರಲು ಬಹಳ ಒಳ್ಳೆಯದು. ನಿಧಾನವಾಗಿ ಊಟ ಮಾಡಿ, ಬೂಟು ಸಡಿಲಿಸಿ, ಮೊಬೈಲನ್ನು ಚಾರ್ಜಿಗೆ ಹಾಕಿ. ಜೊತೆಯಲ್ಲಿ ಮಕ್ಕಳೋ ಹಿರಿಯರೋ ಇದ್ದರೆ ಈ ಬಿಡುವನ್ನು ಇನ್ನಷ್ಟು ಹಿಗ್ಗಿಸಿ. ಸಂಜೆಯ ಸಿಡುಕೆಲ್ಲ ಮಧ್ಯಾಹ್ನ ಕೂರದೆ ಹೋದದ್ದರ ಫಲ.

ಹಂತ 5: ಪೇಟೆಯಲ್ಲಿ ಎರಡು ಸುತ್ತು

ಈಗ ಪೇಟೆ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ. ಕೈ ಬೀಸಿಕೊಂಡು, ಮುಂದಿನ ಬೀದಿಯಿಂದ ಹಿಂದಿನ ಬೀದಿಯವರೆಗೆ ಒಮ್ಮೆ ಹೋಗಿಬನ್ನಿ. ಒಂದೇ ಬಗೆಯ ಸಾಮಾನು ಎಂಟು ಹತ್ತು ಅಂಗಡಿಗಳಲ್ಲಿ ಸಾಲಾಗಿ ಕಂಡರೆ ಅದು ಕಾರ್ಖಾನೆಯಿಂದ ಬಂದದ್ದು, ಅದನ್ನು ನಿಮ್ಮೂರಿನಲ್ಲೂ ಕೊಳ್ಳಬಹುದು. ಒಂದೇ ಒಂದು ಅಂಗಡಿಯಲ್ಲಿ ಕಂಡದ್ದರ ಮುಂದೆ ನಿಂತು ಬೆಲೆ ಕೇಳಿ, ಬರೆದುಕೊಳ್ಳಿ, ಮುಂದೆ ನಡೆಯಿರಿ. ಅರ್ಧ ಗಂಟೆ ಕಳೆದ ಮೇಲೂ ಯಾವುದು ಮನಸ್ಸಿನಿಂದ ಹೋಗುವುದಿಲ್ಲವೋ ಅದಕ್ಕಾಗಿ ಎರಡನೆಯ ಸುತ್ತು.

ಬೆಲೆಯ ಚೀಟಿ ಅಂಟಿಸಿದ ಅಂಗಡಿಯಲ್ಲಿ ಚೌಕಾಸಿ ಮಾಡಬೇಡಿ. ಬೆಲೆ ಬಾಯಲ್ಲಿ ಹೇಳುವ ಕಡೆ ಮಾಡಿ, ಆದರೆ ಕೊಳ್ಳುವ ಮನಸ್ಸಿದ್ದರೆ ಮಾತ್ರ. ನೀವು ಕೇಳಿದ ಬೆಲೆಗೆ ಅಂಗಡಿಯವರು ಒಪ್ಪಿದ ಮೇಲೆ ಬೇಡವೆಂದು ಹೊರಡುವುದು ಅವರ ಹೊತ್ತಿಗೂ ಮಾತಿಗೂ ಮಾಡುವ ಅವಮಾನ. ಕೈಯಿಂದ ಮಾಡಿದ ವಸ್ತುವನ್ನು ಮಾಡಿದವರಿಂದಲೇ ಕೊಳ್ಳುವಾಗ ನಾನು ಚೌಕಾಸಿ ಮಾಡುವುದಿಲ್ಲ. ಎಷ್ಟು ದಿನದ ಕೆಲಸ ಎಂದು ಕೇಳುತ್ತೇನೆ, ಅಷ್ಟೇ. ಆ ಪ್ರಶ್ನೆಗೆ ಸಿಗುವ ಉತ್ತರವೇ ವಸ್ತುವಿನ ಅರ್ಧ ಬೆಲೆ ಬಾಳುತ್ತದೆ.

ವಸ್ತುವನ್ನು ಪರೀಕ್ಷಿಸುವುದನ್ನು ನಾನು ಕಲಿತದ್ದು ಅತ್ತಿಗೆಯಿಂದ. ಒಮ್ಮೆ ನಾನು ನೀಲಿ ಶಾಲೊಂದನ್ನು ಆರಿಸಿ ಹಣ ತೆಗೆಯುವಷ್ಟರಲ್ಲಿ ಅವರು ಅಂಗಡಿಯವರ ಒಪ್ಪಿಗೆ ಕೇಳಿ ಅದನ್ನು ಬಾಗಿಲಾಚೆಗೆ ಒಯ್ದರು. ಒಳಗಿನ ಹಳದಿ ದೀಪದಲ್ಲಿ ನೀಲಿಯಾಗಿದ್ದದ್ದು ಹಗಲಿನ ಬೆಳಕಿನಲ್ಲಿ ನೇರಳೆಯಾಯಿತು. ಎರಡು ಬಟ್ಟೆಗಳು ಒಂದು ದೀಪದಡಿ ಒಂದೇ ಬಣ್ಣವಾಗಿ ಕಂಡು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುವುದೂ ಉಂಟು. ಬಣ್ಣಕ್ಕೆ ಬಳಸಿದ ವಸ್ತು ಬೇರೆಯಾದರೆ ಹಾಗಾಗುತ್ತದೆ. ಆಮೇಲೆ ಅತ್ತಿಗೆ ತಮ್ಮ ಬಿಳಿ ಕರವಸ್ತ್ರದ ತುದಿಯನ್ನು ಬಾಟಲಿಯ ನೀರಿನಲ್ಲಿ ಒದ್ದೆ ಮಾಡಿ, ಶಾಲಿನ ಒಳ ಅಂಚಿನ ಮೇಲೆ ಮೆಲ್ಲಗೆ ಉಜ್ಜಿದರು. ಕರವಸ್ತ್ರಕ್ಕೆ ಬಣ್ಣ ಹತ್ತಲಿಲ್ಲ. ಕೊನೆಗೆ ಬಟ್ಟೆಯನ್ನು ಬೆಳಕಿಗೆ ಎದುರಾಗಿ ಹಿಡಿದು ನೇಯ್ಗೆ ಎಲ್ಲಿಯಾದರೂ ಸರಿದಿದೆಯೇ ಎಂದು ನೋಡಿದರು. ಮೂರು ನಿಮಿಷದ ಕೆಲಸ. ಶಾಲು ಕೊಂಡೆವು, ನೇರಳೆಯೆಂದು ಗೊತ್ತಿದ್ದೇ ಕೊಂಡೆವು.

ಪಿಂಗಾಣಿಯನ್ನು ಅಂಗೈ ಮೇಲಿಟ್ಟು ಬೆರಳ ಗೆಣ್ಣಿನಿಂದ ತಟ್ಟಿ. ಚೆನ್ನಾಗಿರುವುದು ಗಂಟೆಯಂತೆ ಉಲಿಯುತ್ತದೆ, ಕಣ್ಣಿಗೆ ಕಾಣದ ಬಿರುಕಿದ್ದರೆ ದನಿ ಮೊಂಡಾಗುತ್ತದೆ. ಗಾಢ ಬಣ್ಣದ ಮೆರುಗು ಕೊಟ್ಟ ಹಳೆಯ ಮಣ್ಣಿನ ಪಾತ್ರೆಗಳ ಮೆರುಗಿನಲ್ಲಿ ಸೀಸವಿರಬಹುದು. ಅವು ಅಲಂಕಾರಕ್ಕಿರಲಿ, ಹುಳಿ ಪದಾರ್ಥ ಹಾಕಿಡಬೇಡಿ. ಕೈಗಂಟಿನ ಜಮಖಾನವನ್ನು ಮಗುಚಿ ಹಿಂಬದಿ ನೋಡಿ: ಮುಂದಿನ ಚಿತ್ತಾರ ಹಿಂದೆಯೂ ಸ್ಪಷ್ಟವಾಗಿ, ಗಂಟುಗಂಟಾಗಿ ಕಾಣಬೇಕು. ಮರದ ಸಾಮಾನಿನಲ್ಲಿ ಗುಂಡುಸೂಜಿಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂತಹ ಪುಡಿ ಕಂಡರೆ ಒಳಗೆ ಹುಳುವಿದೆ. ಬೆಳ್ಳಿಯ ಮೇಲೆ 925 ಎಂಬ ಮುದ್ರೆ ಇದ್ದರೆ ಸಾವಿರದಲ್ಲಿ 925 ಪಾಲು ಶುದ್ಧ ಬೆಳ್ಳಿ ಎಂದರ್ಥ. ಚಿನ್ನದ ಮೇಲಿನ 750 ಎಂದರೆ 18 ಕ್ಯಾರೆಟ್.

ಕೊಳ್ಳಲೇಬಾರದ ಕೆಲವು ವಸ್ತುಗಳಿವೆ. ಆನೆಯ ದಂತ, ಕಡಲಾಮೆಯ ಚಿಪ್ಪು, ಕೆಲವು ಬಗೆಯ ಹವಳ, ಕಾಡುಪ್ರಾಣಿಗಳ ಚರ್ಮ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ಹಿಡಿತದಲ್ಲಿಡುವ ಅಂತರರಾಷ್ಟ್ರೀಯ ಒಪ್ಪಂದ 1975ರಿಂದ ಜಾರಿಯಲ್ಲಿದೆ. ಅಂಗಡಿಯವರು ಏನೇ ಹೇಳಲಿ, ಗಡಿಯಲ್ಲಿ ಉತ್ತರ ಕೊಡಬೇಕಾದವರು ನೀವು. ಕಾನೂನಿನ ಮಾತು ಒತ್ತಟ್ಟಿಗಿರಲಿ, ಒಂದು ಕಡಲಾಮೆಯ ಬೆನ್ನನ್ನು ಬಾಚಣಿಗೆಯಾಗಿಸಿ ತಲೆಗೆ ಸಿಕ್ಕಿಸಿಕೊಳ್ಳಲು ಯಾರಿಗೂ ಮನಸ್ಸಾಗಬಾರದು. ಪುರಾತನ ವಸ್ತುಗಳನ್ನು ದೇಶದಿಂದ ಹೊರಗೆ ಒಯ್ಯಲು ಬಹಳ ಕಡೆ ಪರವಾನಗಿ ಬೇಕು. ಭಾರತದಲ್ಲಿ ಇದಕ್ಕಾಗಿಯೇ 1972ರ ಕಾಯ್ದೆಯಿದೆ. ‘ನೂರಾರು ವರ್ಷ ಹಳೆಯದು’ ಎಂದು ಹೇಳಿ ಮಾರುವ ವಿಗ್ರಹ ನಿಜವಾಗಿ ಹಳೆಯದಾದರೆ ಕಾನೂನಿನ ತೊಡಕು, ಹೊಸದಾದರೆ ಮೋಸ. ಎರಡೂ ಬೇಡ.

ಹಂತ 6: ಹಣ ಕೊಡುವಾಗಿನ ಒಂದು ನಿಮಿಷ

ವಿದೇಶದಲ್ಲಿ ಕಾರ್ಡು ಕೊಟ್ಟಾಗ ಯಂತ್ರ ಕೆಲವೊಮ್ಮೆ ಕೇಳುತ್ತದೆ: ಈ ದೇಶದ ಹಣದಲ್ಲಿ ಪಾವತಿಯೋ, ನಿಮ್ಮ ದೇಶದ ಹಣದಲ್ಲೋ? ತಮ್ಮ ದೇಶದ ಲೆಕ್ಕ ಕಂಡರೆ ಸಮಾಧಾನವೆಂದು ಅನೇಕರು ಅದನ್ನೇ ಒತ್ತುತ್ತಾರೆ. ಹಾಗೆ ಮಾಡಿದಾಗ ವಿನಿಮಯದ ದರವನ್ನು ಅಂಗಡಿಯ ಕಾರ್ಡು ಯಂತ್ರವನ್ನು ನಡೆಸುವ ಸಂಸ್ಥೆ ನಿಗದಿ ಮಾಡುತ್ತದೆ, ಅದರಲ್ಲಿ ಅವರ ಲಾಭವೂ ಸೇರಿರುತ್ತದೆ. ನೀವಿರುವ ದೇಶದ ಹಣವನ್ನೇ ಆರಿಸಿಕೊಳ್ಳಿ.

ರಸೀದಿ ಇಲ್ಲದೆ ಅಂಗಡಿ ಬಿಡಬೇಡಿ. ಹಲವು ದೇಶಗಳಲ್ಲಿ ಪ್ರವಾಸಿಗರು ಕೊಂಡ ವಸ್ತುವಿನ ಮೇಲಿನ ತೆರಿಗೆಯನ್ನು ಹಿಂದಿರುಗಿಸುತ್ತಾರೆ. ಅದಕ್ಕೆ ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಅರ್ಜಿ ಮಾಡಿಸಬೇಕು, ದೇಶ ಬಿಡುವಾಗ ಸುಂಕದ ಕಟ್ಟೆಯಲ್ಲಿ ಮುದ್ರೆ ಹಾಕಿಸಬೇಕು. ವಸ್ತುವನ್ನು ತೋರಿಸಿ ಎಂದು ಅವರು ಕೇಳಬಹುದು, ಆದ್ದರಿಂದ ಅದನ್ನು ಬಳಸದೆ, ಕೈಗೆ ಸಿಗುವಂತೆ ಇಟ್ಟುಕೊಂಡಿರಿ. ಎಲ್ಲ ದೇಶಗಳಲ್ಲೂ ಈ ಸೌಲಭ್ಯವಿಲ್ಲ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಪ್ರವಾಸಿಗರಿಗಿದ್ದ ಈ ಸೌಲಭ್ಯ 2021ರಲ್ಲಿ ನಿಂತುಹೋಯಿತು. ಹೋಗುವ ಮುನ್ನ ವಿಚಾರಿಸಿಕೊಳ್ಳಿ.

ಹಂತ 7: ಹೊರೆ ಇಳಿಸಿ, ಆಮೇಲೆ ಸಂಜೆ

ಕೊಂಡದ್ದನ್ನು ಹೊತ್ತುಕೊಂಡೇ ಸಂಜೆಯ ತಿರುಗಾಟಕ್ಕೆ ಹೊರಡಬೇಡಿ. ತಂಗುವ ಜಾಗ ಹತ್ತಿರವಿದ್ದರೆ ಅಲ್ಲಿಟ್ಟು, ಮುಖ ತೊಳೆದು ಬನ್ನಿ. ದೂರವಿದ್ದರೆ ದೊಡ್ಡ ರೈಲು ನಿಲ್ದಾಣಗಳಲ್ಲಿ ಸಾಮಾನು ಇಡುವ ಲಾಕರ್‌ಗಳಿರುತ್ತವೆ. ಕೆಲವು ಅಂಗಡಿಗಳವರು ಕೇಳಿಕೊಂಡರೆ ಮುಚ್ಚುವವರೆಗೆ ಇಟ್ಟುಕೊಳ್ಳುತ್ತಾರೆ, ಕೆಲವರು ಹೋಟೆಲಿಗೇ ಕಳುಹಿಸಿಕೊಡುತ್ತಾರೆ. ನಾನು ಮೊದಲೇ ಇದನ್ನು ಕೇಳಿದ್ದರೆ ಆ ಹೂಜಿಯ ದಿನ ಬೇರೆಯಾಗಿರುತ್ತಿತ್ತು.

ಪಾದರಕ್ಷೆ ಕೊಳ್ಳುವುದಿದ್ದರೆ ಈ ಹೊತ್ತಿಗೆ ಉಳಿಸಿಕೊಂಡಿರಿ. ದಿನವಿಡೀ ನಡೆದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ. ಬೆಳಿಗ್ಗೆ ಸರಿಯಾಗಿ ಕೂತ ಬೂಟು ಸಂಜೆ ಕಚ್ಚುತ್ತದೆ, ಸಂಜೆ ಸರಿಯಾದದ್ದು ಯಾವಾಗಲೂ ಸರಿ.

ಎತ್ತರದ ಜಾಗವೊಂದನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು ನನಗೆ ಇಷ್ಟ. ಬೆಟ್ಟವೋ ಗೋಪುರವೋ ಸೇತುವೆಯೋ, ಯಾವುದಾದರೂ ಸರಿ. ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲು ಅಲ್ಲಿರಬೇಕು. ಸೂರ್ಯ ಕೆಳಗಿಳಿದಂತೆ ಬೆಳಕು ಹೆಚ್ಚು ಗಾಳಿಯನ್ನು ಹಾದು ಬರಬೇಕಾಗುತ್ತದೆ, ಅದರ ನೀಲಿ ದಾರಿಯಲ್ಲೇ ಚದುರಿ ಹೋಗಿ ನಮ್ಮವರೆಗೆ ಬರುವುದು ಹೊಂಬಣ್ಣ. ಆ ಬಣ್ಣದಲ್ಲಿ ಬೆಳಿಗ್ಗೆಯಿಂದ ನೀವು ನಡೆದ ಬೀದಿಗಳನ್ನೆಲ್ಲ ಮೇಲಿನಿಂದ ಗುರುತಿಸುತ್ತ ಬನ್ನಿ. ಅದೋ ಆ ಗುಮ್ಮಟ, ಅದರ ಪಕ್ಕದ ಓಣಿಯಲ್ಲಿ ಶಾಲು ಕೊಂಡದ್ದು, ಆ ಮರಗಳ ಕೆಳಗೆ ಊಟಕ್ಕೆ ಕೂತದ್ದು. ಹೊತ್ತು ಮುಳುಗಿದೊಡನೆ ಎಲ್ಲರೂ ಇಳಿಯತೊಡಗುತ್ತಾರೆ, ನೀವು ಇನ್ನೂ ಇಪ್ಪತ್ತು ನಿಮಿಷ ನಿಲ್ಲಿ. ಆಕಾಶ ಕಡುನೀಲಿಯಾಗಿರುವಾಗಲೇ ಒಂದೊಂದಾಗಿ ದೀಪಗಳು ಹತ್ತಿಕೊಳ್ಳುವ ನೋಟ ಸಿಗುವುದು ಆಗ. ಇಳಿಯುವ ಕೊನೆಯ ಬಸ್ಸೋ ಲಿಫ್ಟೋ ಎಷ್ಟು ಹೊತ್ತಿಗೆ ಎಂದು ಹತ್ತುವಾಗಲೇ ಕೇಳಿಟ್ಟುಕೊಂಡಿರಿ.

ಹಂತ 8: ಮಲಗುವ ಮುನ್ನ ಪೆಟ್ಟಿಗೆ

ಕೊಂಡದ್ದನ್ನು ಅದೇ ರಾತ್ರಿ ಪೆಟ್ಟಿಗೆಗೆ ಸೇರಿಸಿ. ವಿಮಾನದಲ್ಲಿ ಮರಳುವವರಿಗೆ ಎರಡು ಎಚ್ಚರಿಕೆ. ಅತ್ತರು, ಎಣ್ಣೆ, ಜೇನಿನಂತಹವು 100 ಮಿಲಿಲೀಟರ್‌ಗಿಂತ ದೊಡ್ಡ ಬಾಟಲಿಯಲ್ಲಿದ್ದರೆ ಕೈಚೀಲದಲ್ಲಿ ಇಡಬೇಡಿ. 2006ರಿಂದ ಬಂದಿರುವ ಈ ಮಿತಿಯನ್ನು ಹೊಸ ಯಂತ್ರಗಳಿರುವ ಕೆಲವು ನಿಲ್ದಾಣಗಳು ಸಡಿಲಿಸಿವೆ, ಆದರೆ ದಾರಿಯಲ್ಲಿ ವಿಮಾನ ಬದಲಿಸುವ ನಿಲ್ದಾಣ ಸಡಿಲಿಸಿರಬೇಕೆಂದಿಲ್ಲ. ಪವರ್ ಬ್ಯಾಂಕಿನದು ಇದಕ್ಕೆ ತಿರುವುಮುರುವು, ಅದು ಕೈಚೀಲದಲ್ಲೇ ಇರಬೇಕು.

ಪಿಂಗಾಣಿಯಿದ್ದರೆ ಅದರ ಹೊಟ್ಟೆಯೊಳಗೆ ಕಾಲುಚೀಲಗಳನ್ನು ಬಿಗಿಯಾಗಿ ತುಂಬಿ, ಕೊರಳಿಗೂ ಹಿಡಿಗೂ ಮೆತ್ತನೆಯ ಬಟ್ಟೆ ಸುತ್ತಿ, ಪೆಟ್ಟಿಗೆಯ ನಟ್ಟನಡುವೆ ಇಡಿ. ಯಾವ ಮಗ್ಗುಲಿನಿಂದ ಒತ್ತಿದರೂ ಅಂಗೈಯಷ್ಟು ದಪ್ಪ ಬಟ್ಟೆ ಅಡ್ಡ ಇರಬೇಕು. ಮುಚ್ಚಳ ಹಾಕಿ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಿಸಿ ನೋಡಿ. ಒಳಗೆ ಏನಾದರೂ ಸರಿದಾಡಿದರೆ ಮತ್ತೆ ಬಿಚ್ಚಿ ಇನ್ನೊಂದು ಟವೆಲ್ ತುರುಕಿ.